ಬಟ್ಟೆಯಲ್ಲಿ ಉಳಿದ ಸೋಪು

ಎದುರಿನ ಕಟ್ಟಡದ ಖಾಲಿ ನೀರಿನ ಟ್ಯಾಂಕಿನ ಮೇಲೆ ಆ ಬೋಳುತಲೆಯ ಕೊಕ್ಕರೆ ಮತ್ತೆ ಬಂದು ಕೂತಿದೆ, ಕುತ್ತಿಗೆಯ ಕೆಂಪು ಚೀಲ ಜೋತಾಡಿಸಿಕೊಂಡು, ನೈರೋಬಿಯ ಕಸವೆಲ್ಲ ತನ್ನ ಅಪ್ಪನ ಆಸ್ತಿ ಎಂಬಂತೆ — ಕೂತ್ಕೋ, ಎಷ್ಟೊತ್ತು ಕೂತ್ಕೋತೀಯೋ ಕೂತ್ಕೋ ಎಂದುಕೊಂಡಳು ಗಾತೋನಿ, ಈ ಮನೆಯಿಂದ ನಿನ್ನ ಕಸದ ಗುಡ್ಡೆಗೆ ಒಂದೇ ಒಂದು ಡೈಪರು ಹೋಗಿಲ್ಲ, ಹೋಗೋದೂ ಇಲ್ಲ, ಮತ್ತು ಬೋಗುಣಿಯಲ್ಲಿದ್ದ ಮಗುವಿನ ಬಟ್ಟೆಯನ್ನು ಹಿಂಡಿದಳು, ನೀರು ಬೂದಿ ಬಣ್ಣಕ್ಕಿತ್ತು, ನೊರೆ ಇನ್ನೂ ಬಿಟ್ಟಿರಲಿಲ್ಲ, ಇನ್ನೊಂದು ಸಲ ಜಾಲಿಸಬೇಕು, ಜಾಲಿಸಬೇಕೆಂದರೆ ನೀರು ಬೇಕು, ಮೂಲೆಯ ಹಳದಿ ಕ್ಯಾನಿನ ತಳದಲ್ಲಿರುವುದು ಕುಡಿಯುವ ನೀರು, ಒಳಗೆ ಕೂತಿರುವ ಹೆಂಗಸರ ಚಹಾಕ್ಕೆ ಎಂದು ಉಳಿಸಿದ್ದು, ಅಂಗಳದ ನಲ್ಲಿ ಒಣಗಿ ಎಷ್ಟು ದಿನವಾಯಿತೋ, ಕೈಗಾಡಿಯಲ್ಲಿ ನೀರು ತರುವವನು ಬಾಯಿಗೆ ಬಂದ ಬೆಲೆ ಹೇಳುತ್ತಾನೆ, ಬೇಕಾದ್ರೆ ತಗೋ ತಾಯಿ, ಇಲ್ಲಾಂದ್ರೆ ಮೋಡಕ್ಕೆ ಕೈ ಮುಗಿ — ಒಳಗಿನಿಂದ ನಗು, ಅತ್ತೆ ನ್ಯಾಗೂಥಿಯ ನಗು, ಹತ್ತು ಮನೆಗೆ ಕೇಳುವಂಥದ್ದು, ಊರಿನಿಂದ ತನ್ನ ಚರ್ಚಿನ ಹೆಂಗಸರನ್ನು ಕಟ್ಟಿಕೊಂಡು ಮಗು ನೋಡಲು ಬಂದಿದ್ದಾಳೆ, ಬಾಣಂತಿಗೆ ಹಾಲು ಹೆಚ್ಚಲಿ ಎಂದು ಕಪ್ಪು ಅವರೆ ಬೇಯಿಸಿ ಬಾಳೆಕಾಯಿ ಜೊತೆ ಹಿಸುಕಿ ತಂದಿದ್ದಾಳೆ, ಯಾರ ಮೇಲಿನ ಪ್ರೀತಿ, ಸೊಸೆ ಮೇಲಾ, ಅಲ್ಲ, ತನ್ನ ಮೇಲೇ, ಇವರ ಪದ್ಧತಿಯಲ್ಲಿ ಮೊದಲ ಹೆಣ್ಣು ಮಗುವಿಗೆ ಗಂಡನ ತಾಯಿಯ ಹೆಸರು, ಹೆಸರಷ್ಟೇ ಅಲ್ಲ, ಮಗುವೇ ಅವಳು, ಗಂಡ ಗಿಚೂಕಿ ತನ್ನ ಮಗಳನ್ನು ಅವ್ವಾ ಬಾ ಎಂದೇ ಎತ್ತಿಕೊಳ್ಳುತ್ತಾನೆ, ಸೊಸೆಯಾದವಳು ಆ ಹೆಸರನ್ನು ನಾಲಿಗೆಗೆ ತರಬಾರದು, ಅವಳೂ ಅವ್ವ ಎನ್ನಬೇಕು, ಜನರೆದುರು ಎನ್ನುತ್ತಾಳೆ ಕೂಡ, ಆದರೆ ಗಂಡ ಬಾಡಿಗೆಯ ಮಟಾಟು ವ್ಯಾನು ಓಡಿಸಲು ಹೋದ ಮೇಲೆ ಬಾಗಿಲು ಹಾಕಿಕೊಂಡು, ಥೂ ನ್ಯಾಗೂಥಿ, ಮತ್ತೆ ಹೇತುಕೊಂಡ್ಯಾ, ನಾಚಿಕೆ ಇಲ್ವೇನೇ ನ್ಯಾಗೂಥಿ, ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲೇ, ಎನ್ನುತ್ತ ಆ ಪುಟ್ಟ ಕಾಲೆರಡನ್ನೂ ಎತ್ತಿ ಒರೆಸುವಾಗ ಸಿಗುವ ಸುಖ ಇದೆಯಲ್ಲ, ಅವರೆಗಿಂತ ಅದೇ ಅವಳಿಗೆ ಹಾಲು ತರಿಸಿರಬೇಕು.

ಗುಡ್ಡೆಯವಳು — ಅತ್ತೆ ಅವಳಿಗಿಟ್ಟ ಹೆಸರು, ಮದುವೆಯ ಮಾತಿನ ದಿನವೇ, ಗುಡ್ಡೆಯಿಂದ ಆರಿಸ್ಕೊಂಡು ಬಂದಿದ್ದಾನೆ ನನ್ನ ಮಗ, ತೊಳೆದು ಒಳಗೆ ಕರ್ಕೊಳ್ಳಿ, ಎಲ್ಲರೂ ನಕ್ಕಿದ್ದರು, ಗಿಚೂಕಿಯೂ ನಕ್ಕಿದ್ದ — ಹೌದು, ದಂಡೋರಾದ ಕಸದ ಗುಡ್ಡೆ, ಹೊಗೆ, ಹಂದಿ, ಅಮ್ಮನ ಕೈಯ ಕಬ್ಬಿಣದ ಕೊಕ್ಕೆ, ಬಾಟಲಿ ಒಂದು ಕಡೆ ತಂತಿ ಒಂದು ಕಡೆ, ಕೊಕ್ಕೆ ಮೆತ್ತಗಿನದಕ್ಕೆ ನಾಟಿದರೆ ಅಮ್ಮ ಉಗಿಯುತ್ತಿದ್ದಳು, ದೊಡ್ಡವರ ಮನೆ ಮಗುವಿನ ಹೇಲು, ಚೆನ್ನಾಗಿ ಪ್ಯಾಕ್ ಮಾಡಿ ಕಳಿಸಿದಾರೆ ನೋಡು, ಆ ಮಗು ಮುದುಕಿಯಾಗಿ ಸತ್ತರೂ ಇದು ಸಾಯಲ್ಲ ಕಣೇ, ಅಮ್ಮ ತಿರುಗುವಷ್ಟರಲ್ಲಿ ಕೊಕ್ಕರೆ ಬಂದು ಆ ಡೈಪರಿನ ಉಂಡೆಯನ್ನು ಕಚ್ಚಿ ಎಳೆಯುತ್ತಿತ್ತು, ಬಿಳಿ ಅಂಟು ದಾರ ದಾರವಾಗಿ ಕೊಕ್ಕಿನಿಂದ ಇಳಿಯುತ್ತಿತ್ತು, ಅಮ್ಮ ಆ ಹೊಗೆಯಲ್ಲೇ ಕೆಮ್ಮಿ ಕೆಮ್ಮಿ ಹೋದಳು, ಆಗಲೇ ನಿಶ್ಚಯ ಮಾಡಿದ್ದು, ನನ್ನ ಮಗುವಿನದು ಅಲ್ಲಿಗೆ ಹೋಗಕೂಡದು, ಗಿಚೂಕಿಗೂ ಮೊದಲು ಖುಷಿಯೇ, ಬಟ್ಟೆ ಒಂದು ಸಲ ಕೊಂಡರೆ ಮುಂದಿನ ಮಗುವಿಗೂ ಆಯಿತು, ಉಳಿದ ದುಡ್ಡಲ್ಲಿ ಕುರ್ಚಿ ತರಬಹುದು, ತುಂಬು ಬಸುರಿಯಾಗಿದ್ದಾಗಲೇ ಅವಳು ಗಿಕೊಂಬಾ ಸಂತೆಗೆ ಬೆಳಕು ಹರಿಯುವ ಮೊದಲೇ ಹೋಗಿ ಹಳೆಬಟ್ಟೆಯ ಮೂಟೆ ಬಿಚ್ಚುವಾಗ ನುಗ್ಗಿ ಕೈ ಹಾಕಿದ್ದಳು, ತಡವಾಗಿ ಬಂದವರಿಗೆ ಸಿಗುವುದು ಗುಡಿಸಿದ ಚಿಂದಿ, ಅವಳಿಗೆ ಸಿಕ್ಕಿದ್ದು ದಪ್ಪ ಬಿಳಿ ಟವೆಲ್ಲುಗಳು, ಬಿಳಿಯರ ಮನೇದು ಅಕ್ಕಾ, ಸೊಂಟಕ್ಕೆ ಕಟ್ಟಿ ನೋಡು, ಮಗು ಇಂಗ್ಲಿಷಲ್ಲೇ ಅಳುತ್ತೆ ಅಂದಿದ್ದ ಮಾರುವವನು, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಕುದಿಸಿ ಕತ್ತರಿಸಿ ಅಂಚು ಹೊಲಿದಿದ್ದಳು, ಎಷ್ಟು ಚೆಂದ ಇದ್ದವು — ಆಮೇಲೆ ನಲ್ಲಿ ಸತ್ತಿತು. ನೀರಿಗೆ ಕೊಡೋ ದುಡ್ಡಲ್ಲಿ ಡೈಪರೇ ಬರತ್ತಲ್ಲೇ ಎಂದ ಗಿಚೂಕಿ, ಗೂಡಂಗಡಿಯವಳು ಬಿಡಿಬಿಡಿಯಾಗಿ ಮಾರ್ತಾಳೆ, ರಾತ್ರಿಗೊಂದು ಹಾಕು ಸಾಕು, ಸರ್ಕಾರ ಪ್ಲಾಸ್ಟಿಕ್ ಚೀಲ ಹಿಡಿದೋರನ್ನ ಜೈಲಿಗೆ ಹಾಕುತ್ತೆ, ಡೈಪರ್ ಕಟ್ಕೊಂಡೋರನ್ನ ಸುಮ್ನೆ ಬಿಡುತ್ತೆ, ಸರ್ಕಾರಕ್ಕಿಲ್ಲದ ಉರಿ ನಿನಗ್ಯಾಕೆ, ಬೇಡ ಅಂದ್ರೆ ಬೇಡ ಎಂದಳು ಅವಳು, ಹಾಗಾದ್ರೆ ಇರೋ ನೀರಲ್ಲೇ ಮಾಡ್ಕೋ, ಮಾಡಿಕೊಂಡಳು, ಜಾಲಿಸುವುದನ್ನು ಒಂದಕ್ಕೆ ಇಳಿಸಿದಳು, ಒಣಗಿದ ಬಟ್ಟೆ ಹಪ್ಪಳದಂತೆ ಸೆಟೆದುಕೊಂಡಿತು, ಮಗುವಿನ ತೊಡೆಸಂದು ಮೊದಲು ಕೆಂಪಾಯಿತು, ಆಮೇಲೆ ಸಿಪ್ಪೆ ಎದ್ದಿತು, ಆಮೇಲೆ — ಒಂದು ದಿನ ಒಣಗಿದ ಬಟ್ಟೆಯನ್ನು ನಾಲಿಗೆಗೆ ಮುಟ್ಟಿಸಿ ನೋಡಿದಳು, ಸೋಪು, ಕಹಿ, ನಾಲಿಗೆ ಚುರ್ ಎಂದಿತು, ಗೊತ್ತಾಯಿತು ಅವಳಿಗೆ, ಅವತ್ತೇ ಗೊತ್ತಾಯಿತು, ಆದರೂ ಮಾರನೆಯ ದಿನ ಅದನ್ನೇ ಕಟ್ಟಿದಳು, ಒಂದು ಡೈಪರು ಕೊಂಡರೆ ಸಂಜೆಯೊಳಗೆ ಗಿಚೂಕಿ ಊರಿಗೆ ಫೋನು ಮಾಡುತ್ತಾನೆ, ಹಳೆಬಟ್ಟೆ ಎಂದು ಮೂಗು ಮುರಿದಿದ್ದ ಅತ್ತೆ ಗೆದ್ದಳು, ಮಳೆ ಬರಲಿ, ನಾಳೆ ಬಂದೀತು, ಅಲ್ಲಿಯವರೆಗೆ ತಡ್ಕೋ ನ್ಯಾಗೂಥಿ, ನೀನು ಗಟ್ಟಿಗಿತ್ತಿ ಅಲ್ವಾ ತಡ್ಕೋ, ಮಗು ಕಿರುಚಿ ಕಿರುಚಿ ದನಿ ಬಿದ್ದುಹೋಯಿತು, ಅವಳು ತಡೆದುಕೊಂಡಳು.

ಈಗ ಒಳಗೆ ನಗು ನಿಂತಿದೆ, ಯಾಕೆ ನಿಂತಿತು, ಗಾತೋನೀ ಬಾರೇ ಇಲ್ಲಿ, ಅತ್ತೆಯ ದನಿ, ಒದ್ದೆ ಕೈಯಲ್ಲೇ ಓಡಿದಳು, ಮಂಚದ ಮೇಲೆ ಮಗು ಬಟ್ಟೆ ಬಿಚ್ಚಿಸಿಕೊಂಡು ಮಲಗಿದೆ, ಯಾರು ಬಿಚ್ಚಿದರು, ನಾನು ಬರುವವರೆಗೆ ಮುಟ್ಟಬೇಡಿ ಎಂದಿದ್ದೆನಲ್ಲ, ಹೆಂಗಸರು ಬಾಯಿಗೆ ಕೈ ಒತ್ತಿಕೊಂಡು ನಿಂತಿದ್ದಾರೆ, ಗಿಚೂಕಿ ಕಿಟಕಿಯ ಹತ್ತಿರ, ಹೊರಗೇನೋ ಇದೆ ಎಂಬಂತೆ ನೋಡುತ್ತಿದ್ದಾನೆ, ಹೇಡಿ — ನನ್ನ ಚರ್ಮ ಸುಲಿದಿದೀಯಲ್ಲೇ, ಅತ್ತೆ ಕಿರುಚಲಿಲ್ಲ, ಮೆಲ್ಲಗೆ ಹೇಳಿದಳು, ಅದೇ ಹೆದರಿಕೆ, ನನ್ನ ಮೇಲೆ ಸಿಟ್ಟಿದ್ರೆ ನನಗೆ ಹೊಡೀಬೇಕಿತ್ತು, ಎದುರಿಗೇ ಇದ್ದೆನಲ್ಲ, ಇಷ್ಟು ಚಿಕ್ಕ ನನ್ನನ್ನ ಯಾಕೆ ಸುಲಿದೆ, ಆಮೇಲೆ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹೆಂಗಸರಿಗೆ ತೋರಿಸಿದಳು, ನೋಡ್ರಮ್ಮಾ, ಯಾವ ಸತ್ತೋರ ಮೈ ಒರೆಸಿದ್ದೋ, ಗುಡ್ಡೆ ರೋಗ ತಂದು ನನಗೆ ಕಟ್ಟಿದಾಳೆ, ಗುಡ್ಡೆ ಇವಳನ್ನ ಬಿಟ್ಟರೂ ಇವಳು ಗುಡ್ಡೇನ ಬಿಡಲ್ಲ — ತಪ್ಪು, ಅದು ತಪ್ಪು, ರೋಗ ಅಲ್ಲ, ಬಟ್ಟೆ ಅಲ್ಲ, ಸೋಪು, ಸೋಪು ಅತ್ತೆ, ಎನ್ನಲು ಬಾಯಿ ತೆರೆದಳು, ಅಂದರೆ ಕೇಳುತ್ತಾಳೆ, ನಿನಗೆ ಹೇಗೆ ಗೊತ್ತು, ಯಾವಾಗಿಂದ ಗೊತ್ತು, ಬಾಯಿ ಮುಚ್ಚಿದಳು, ರೋಗವೇ ಆಗಲಿ, ಗುಡ್ಡೆಯೇ ಆಗಲಿ, ಸೋಪಿಗಿಂತ ಅದೇ ವಾಸಿ, ಅವ್ವನ್ನ ಕೊಡಿ ಅತ್ತೆ, ಹಾಲು ಕುಡಿಸ್ತೀನಿ ಎಂದಳು, ಮುಟ್ಟಬೇಡ ಅಂದಳು ಅತ್ತೆ, ಕ್ಯಾನಿನ ನೀರನ್ನೆಲ್ಲ ಸುರಿಸಿ ತೊಳೆದಳು, ಚಹಾ ಯಾರಿಗೂ ಬೇಡ, ಎಣ್ಣೆ ಹಚ್ಚಿದಳು, ಗೂಡಂಗಡಿಯಿಂದ ತರಿಸಿದ ಡೈಪರು ತೊಡಿಸಿದಳು, ಮಗು ಒಂದು ಸಲ ಬಿಕ್ಕಿತು, ಹೊಟ್ಟೆ ಬಿಗಿದು, ಇದಕ್ಕೇ ಕಾಯುತ್ತಿದ್ದಂತೆ ಡೈಪರಿನಲ್ಲೇ ಹೇತು ಹಗುರಾಯಿತು, ಥೂ ಎಂದು ಹೆಂಗಸರು ನಕ್ಕರು, ಅದನ್ನು ಬಿಚ್ಚಿ ಇನ್ನೊಂದು ತೊಡಿಸಿದರು, ಮಗು ನಿದ್ದೆ ಹೋಯಿತು, ಸದ್ದೇ ಇಲ್ಲದೆ, ಅದು ಹೀಗೆ ನಿದ್ದೆ ಮಾಡಿದ್ದನ್ನು ಗಾತೋನಿ ನೋಡಿ ಎಷ್ಟು ದಿನವಾಯಿತು, ಆ ನಿದ್ದೆಯನ್ನು ನೋಡಿ ಅವಳಿಗೆ ಸಂತೋಷ ಆಗಲಿಲ್ಲ, ಹೊಟ್ಟೆ ಉರಿಯಿತು, ಹಡೆದ ತಾಯಿಗೆ ಹೊಟ್ಟೆ ಉರಿಯಿತು.

ತಗೋ ಎಂದು ಅತ್ತೆ ಬಿಚ್ಚಿದ್ದನ್ನು ಉಂಡೆ ಮಾಡಿ ಅವಳ ಅಂಗೈಗೆ ಇಟ್ಟಳು, ಚೀಲ ಇಲ್ಲವಲ್ಲ, ದೇಶದಲ್ಲೇ ಚೀಲ ಇಲ್ಲವಲ್ಲ, ಹೋಗಿ ಹಾಕಿ ಬಾ, ದಾರಿ ನಿನಗೇ ಗೊತ್ತಲ್ಲ, ಯಾರೋ ಕಿಸಕ್ಕೆಂದರು, ಗಿಚೂಕಿ ತಿರುಗಲಿಲ್ಲ, ನಾಳೆಯಿಂದ ಮಗು ನನ್ನ ಜೊತೆ ಊರಲ್ಲಿರುತ್ತೆ, ನಾನು ನನ್ನನ್ನ ನೋಡ್ಕೋತೀನಿ ಎಂದಳು ಅತ್ತೆ, ಅದಕ್ಕೂ ಅವನು ತಿರುಗಲಿಲ್ಲ, ಆಯ್ತವ್ವಾ ಎಂದ — ಹೊರಗೆ ಬಂದಳು ಗಾತೋನಿ, ಎದೆಯ ಹಾಲು ಸೋರಿ ರವಿಕೆ ಒದ್ದೆಯಾಗುತ್ತಿದೆ, ಅಂಗಳದಲ್ಲಿ ಬೋಗುಣಿ, ಅದರಲ್ಲಿ ಬಿಳಿಯರ ಟವೆಲ್ಲು, ನೊರೆ, ಅಂಗೈಯಲ್ಲಿ ಉಂಡೆ, ಬೆಚ್ಚಗಿದೆ, ಅವಳ ಮಗುವಿನದೇ ಬಿಸಿ, ನಾಳೆಯಿಂದ ಮುಟ್ಟಲು ಸಿಗುವುದು ಇಷ್ಟೇ, ಗೇಟಿನ ಪಕ್ಕದ ಕಸದ ರಾಶಿಗೆ ಹಾಕಬೇಕು, ಹಾಕಲು ಬೆರಳು ಬಿಡುತ್ತಿಲ್ಲ, ನ್ಯಾಗೂಥೀ ಎಂದಳು, ಯಾರೂ ಕೇಳಲಿಲ್ಲ, ಟ್ಯಾಂಕಿನ ಮೇಲಿಂದ ಅದು ಇಳಿಯಿತು, ಅವಸರವಿಲ್ಲ ಅದಕ್ಕೆ, ಮುದುಕರಂತೆ ಹೆಜ್ಜೆ ಹಾಕಿ ಎದುರಿಗೆ ಬಂದು ನಿಂತಿತು, ಬೋಳುತಲೆ, ಕೆಂಪು ಚೀಲ, ಅವಳ ಕೈಯನ್ನೇ ನೋಡುತ್ತಿದೆ, ಕೊಕ್ಕು ತೆರೆದಿದೆ, ಕೊಕ್ಕಿನ ಅಂಚಿಗೆ ಬೆಳಿಗ್ಗೆ ಕೆದಕಿದ ಯಾವುದೋ ಮಗುವಿನ ಡೈಪರಿನ ಬಿಳಿ ಅಂಟು ದಾರವಾಗಿ ಇಳಿದಿದೆ, ಕೊಕ್ಕು ತೆರೆದೇ ಇದೆ.