ಪ್ರಭಾವತಿಯ ಗಡಿಯಾರ

ದಸರಾ ರಜೆಯ ಎರಡನೆಯ ದಿನ ಬೆಳಿಗ್ಗೆ ಏಳೂಕಾಲರ ಬಸ್ಸು ಸರಿಯಾಗಿ ಏಳೂಕಾಲಕ್ಕೇ ಬಂತು. ನಾನು ಹತ್ತಿ, ಡ್ರೈವರ್ ಸುಧಾಕರನ ಹಿಂದಿನ ಸೀಟಿನಲ್ಲಿ ಕೂತು, "ಮೂರು ವಾರದಿಂದ ನೋಡ್ತಿದ್ದೇನೆ ಮಾರಾಯ, ನೀನು ತುಂಬ ಸುಧಾರಿಸಿದ್ದಿ" ಎಂದೆ.

"ನಾನಾ? ಏನು ಮಾಸ್ಟ್ರೇ?"

"ಹನ್ನೊಂದು ವರ್ಷ ದಿನಾ ಹತ್ತು ಹನ್ನೆರಡು ನಿಮಿಷ ತಡ. ಈಗ ಹೇಳಿದ ಹೊತ್ತಿಗೆ ಬರ್ತಿ."

ಸುಧಾಕರ ಕನ್ನಡಿಯಲ್ಲಿ ನನ್ನನ್ನು ನೋಡಿದ. "ನಾನು ಯಾವಾಗ ತಡ ಮಾಡಿದ್ದೇನೆ? ನೀವೇ ಬೇಗ ಬಂದು ನಿಂತು ನನಗೆ ಬೈದದ್ದು!"

ತಪ್ಪು ಒಪ್ಪಿಕೊಳ್ಳದವರೊಡನೆ ವಾದಿಸಿ ಪ್ರಯೋಜನವಿಲ್ಲವೆಂದು ನಾನು ಟಿಕೇಟಿನ ಚಿಲ್ಲರೆ ಎಣಿಸತೊಡಗಿದೆ.

ನಮ್ಮ ಮನೆ ಇರುವುದು ವೇಣೂರು ರಸ್ತೆಯಲ್ಲಿ, ಮೂಡುಬಿದಿರೆ ಪೇಟೆಯಿಂದ ಮೂರು ಕಿಲೋಮೀಟರು ಈಚೆ. ಬೆಳಿಗ್ಗೆ ಜಗಲಿಯ ಗಡಿಯಾರ ನೋಡಿ ಹೊರಟು, ಪೇಟೆಗೆ ಹೋಗಿ, ಬಸದಿಯಲ್ಲಿ ಅಭಿಷೇಕ ನೋಡಿ, ಗಂಧೋದಕ ಹಣೆಗೆ ಹಚ್ಚಿಕೊಂಡು ಮರಳುವುದು ನನ್ನ ಕ್ರಮ. ನಾನು ಶಾಲೆಯಿಂದ ನಿವೃತ್ತನಾದ ವರ್ಷ ನಾನೂ ನನ್ನ ಹೆಂಡತಿ ಪ್ರಭಾವತಿಯೂ ಆ ಬಸದಿಯಲ್ಲಿಯೇ ಒಟ್ಟಿಗೆ ನಿಂತು ವ್ರತ ತೆಗೆದುಕೊಂಡೆವು. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ ಎಂದು. ಹನ್ನೊಂದು ವರ್ಷದಲ್ಲಿ ಒಂದು ಸಂಜೆಯೂ ನಮಗೆ ಊಟ ತಪ್ಪಲಿಲ್ಲ. ಅದು ನನ್ನ ಸಮಯಪಾಲನೆಯ ಫಲವೆಂದು ನಾನು ಅವಳಿಗೆ ಎಷ್ಟೋ ಸಲ ಹೇಳಿದ್ದುಂಟು. "ಹೌದು, ಎಲ್ಲ ನಿಮ್ಮಿಂದಲೇ" ಎನ್ನುತ್ತ ಅವಳು ಗಂಜಿ ಬಡಿಸುತ್ತಿದ್ದಳು.

ಫಾಲ್ಗುಣ ಮಾಸದಲ್ಲಿ ಅವಳು ಹೋದಳು. ಆ ಸಂಜೆಯೂ ಅವಳ ಊಟ ಹೊತ್ತು ಮುಳುಗುವ ಮೊದಲೇ ಆಗಿತ್ತು.

ಆಮೇಲೆಯೂ ಕೆಲವು ತಿಂಗಳು ನಾನು ಜಗಲಿಯ ಗಡಿಯಾರ ನೋಡಿ ಎದ್ದು, ಒಬ್ಬನೇ ಬಡಿಸಿಕೊಂಡು ಉಣ್ಣುತ್ತಿದ್ದೆ. ಮಗ, ಸೊಸೆ ಇಬ್ಬರೂ ಕೆಲಸ ಮುಗಿಸಿ ಬರುವಾಗ ಆರೂವರೆ ದಾಟುತ್ತದೆ. ಆದರೆ ಏನಾಯಿತೋ, ಈಚಿನ ಮೂರು ವಾರಗಳಲ್ಲಿ ಐದು ಸಂಜೆ ನನಗೆ ಊಟ ತಪ್ಪಿತು. ಕ್ಯಾಲೆಂಡರಿನಲ್ಲಿ ಅಚ್ಚಾದ ಸೂರ್ಯಾಸ್ತದ ಹೊತ್ತು ನೋಡಿ, ಎಂದಿನಂತೆ ಐದು ನಿಮಿಷ ಮೊದಲು ಏಳುತ್ತಿದ್ದೆ. ಕೈಕಾಲು ತೊಳೆದು, ನಮಸ್ಕಾರ ಮಂತ್ರ ಹೇಳಿ ಬಟ್ಟಲಿನ ಮುಂದೆ ಕೂರುವಷ್ಟರಲ್ಲಿ ಆ ದಿನಗಳಲ್ಲಿ ಹೊತ್ತು ಮುಳುಗಿರುತ್ತಿತ್ತು. ಪ್ರಾಯದಿಂದ ನನ್ನ ಕೈಕಾಲು ನಿಧಾನವಾಯಿತೆಂದು ತಿಳಿದೆ. ಅವಳಿಲ್ಲದೆ ನನ್ನಿಂದ ಒಂದು ವ್ರತವೂ ನಡೆಯುವುದಿಲ್ಲವೆಂದು ಮನಸ್ಸು ಕುಗ್ಗಿತು.

ಐದನೆಯ ಸಂಜೆ ಸಕ್ಕರೆ ಕಾಯಿಲೆಯ ಮಾತ್ರೆ ಖಾಲಿ ಹೊಟ್ಟೆಗೆ ಹೋಗಿ, ಬಚ್ಚಲಿನ ಬಾಗಿಲಲ್ಲಿ ತಲೆ ತಿರುಗಿ ಕೂತುಬಿಟ್ಟೆ. ಮಗ ಜಿನೇಶ್ ಸಿಟ್ಟಿನವನಲ್ಲ. ಅಂದು ನನ್ನ ಕೈ ಹಿಡಿದುಕೊಂಡೇ ಹೇಳಿದ: "ಅಪ್ಪ, ಇನ್ನೊಂದು ಸಲ ಹೀಗಾದರೆ ವ್ರತ ಸಾಕು. ರಾತ್ರಿ ಎಂಟಕ್ಕೆ ನಮ್ಮೊಟ್ಟಿಗೆ ಊಟ ಮಾಡ್ಬೇಕು." ಒಪ್ಪಿದೆ. ಒಪ್ಪಿದ ಮೇಲೆ ಎರಡು ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ರಜೆಯಾದ್ದರಿಂದ ಮೊಮ್ಮಗಳು ತ್ರಿಶಾ ಮನೆಯಲ್ಲಿಯೇ ಇದ್ದಳು. ಐದನೆಯ ಕ್ಲಾಸು. ನೆರೆಮನೆಯ ರಿಫಾ ಅವಳದೇ ಕ್ಲಾಸು; ಬೆಳಿಗ್ಗೆ ಬಂದರೆ ಊಟಕ್ಕೆ ಮಾತ್ರ ಮನೆಗೆ ಹೋಗುತ್ತಾಳೆ. ನಾನು ಬಸದಿಯ ಹಳೆಯ ಶಾಸ್ತ್ರ ಪುಸ್ತಕಗಳಿಗೆ ಬೈಂಡು ಹಾಕುವ ಕೆಲಸ ಇಟ್ಟುಕೊಂಡಿದ್ದೇನೆ. ಆ ದಿನ ಬಸದಿಯಿಂದ ಬಂದು ಮೈದಾ ಅಂಟು ಕಾಯಿಸಿ ಎರಡು ಪುಸ್ತಕ ಹೊಲಿದೆ. ಹುಡುಗಿಯರು ಉಳಿದ ರಟ್ಟಿನ ಚೂರುಗಳನ್ನು ಚೌಕ ಚೌಕವಾಗಿ ಕತ್ತರಿಸಿ, ಒಂದರಿಂದ ತೊಂಬತ್ತರವರೆಗೆ ಅಂಕೆ ಬರೆದರು. ಸಂಜೆ ಹೌಸಿ ಆಡುವುದೆಂದು ತೀರ್ಮಾನವಾಗಿತ್ತು.

"ಬಹುಮಾನಕ್ಕೆ ಬಟಾಟೆ ಚಿಪ್ಸ್ ಉಂಟಾ ಅಜ್ಜ?" ರಿಫಾ ಕೇಳಿದಳು.

"ನಮ್ಮಲ್ಲಿ ಗೆಡ್ಡೆ ಮನೆಯೊಳಗೆ ಬರುವುದಿಲ್ಲ ಮಗಾ. ಬಾಳೆಕಾಯಿಯದ್ದು ಉಂಟು."

"ಹಾಗಾದರೆ ಎರಡು ಪ್ಯಾಕೆಟು."

ಮಧ್ಯಾಹ್ನ ಊಟವಾಗಿ ಒಂದು ಗಳಿಗೆ ಮಲಗಿದೆ. ಎದ್ದಾಗ ಅಂಕೆಗಳೆಲ್ಲ ತಾಮ್ರದ ಚೆಂಬಿನಲ್ಲಿದ್ದವು. ಐದು ಗಂಟೆಗೆ ರಿಫಾಳ ಅಜ್ಜಿ ಬೀಪಾತುಮ್ಮ ಬಂದು ಜಗಲಿಯ ಬೆಂಚಿನಲ್ಲಿ ಕೂತರು. ನಲವತ್ತು ವರ್ಷ ಪ್ರಭಾವತಿಯ ಗೆಳತಿ. ಅವರಿಗೂ ಒಂದು ಚೀಟಿ, ಒಂದು ಮುಷ್ಟಿ ಹುಣಸೆಬೀಜ ಸಿಕ್ಕಿತು. ಚೀಟಿಯ ಅಂಕೆ ಕೂಗಿದಾಗ ಅದರ ಮೇಲೆ ಬೀಜ ಇಡಬೇಕು. ಕೂಗುವವ ನಾನು.

"ಏಳು ಮೂರು, ಎಪ್ಪತ್ತಮೂರು!"

"ಮೆಲ್ಲಗೆ ಮಾಸ್ಟ್ರೇ, ನಿಮ್ಮ ಕ್ಲಾಸಲ್ಲ ಇದು" ಎಂದರು ಬೀಪಾತುಮ್ಮ. "ನನ್ನ ಒಂದು ಅಂಕೆಯೂ ಬರ್ಲಿಲ್ಲ. ಚೆಂಬಿಗೆ ಹಾಕಿದ್ದೀರೋ ಇಲ್ಲವೋ?"

"ನಿಮ್ಮ ಚೀಟಿಯಲ್ಲಿ ಎಪ್ಪತ್ತಮೂರು ಉಂಟಲ್ಲ ಅಜ್ಜಿ, ಅಲ್ಲಿ ನೋಡಿ!" ತ್ರಿಶಾ ಕೂಗಿದಳು.

"ಹೌದಾ? ಕನ್ನಡಕ ಮನೆಯಲ್ಲಿ ಉಂಟು. ನೀನೇ ಬೀಜ ಇಡು."

ಎರಡು ಆಟ ರಿಫಾ ಗೆದ್ದಳು. ಮೂರನೆಯದರಲ್ಲಿ ತ್ರಿಶಾಳಿಗೆ ಎರಡು ಅಂಕೆ ಬಾಕಿ, ಬೀಪಾತುಮ್ಮನಿಗೆ ಒಂದೇ. ನಾನು ಗಡಿಯಾರ ನೋಡಿದೆ. ಕ್ಯಾಲೆಂಡರಿನಲ್ಲಿ ಸೂರ್ಯಾಸ್ತ ಆರು ಹದಿನಾಲ್ಕು. ಆರೂ ಒಂಬತ್ತಕ್ಕೆ ಎದ್ದರೆ ಸಾಕು, ಇವತ್ತು ಬೇಗ ಬೇಗ ಕೈಕಾಲು ತೊಳೆಯುವ ಎಂದು ಮನಸ್ಸಿನಲ್ಲಿಯೇ ಹೇಳಿಕೊಂಡು ಚೆಂಬು ಕುಲುಕಿದೆ.

"ರಿಫಾ, ಮಗ್ರಿಬ್ ಆಗ್ತಾ ಬಂತಾ? ಮೊಬೈಲು ನೋಡು" ಎಂದರು ಬೀಪಾತುಮ್ಮ. ಹೊತ್ತು ಮುಳುಗಿದೊಡನೆ ಅವರಿಗೆ ನಮಾಜು.

"ಈಗ ಆರೂ ಎರಡು" ಎಂದಳು ರಿಫಾ.

ತ್ರಿಶಾ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದಳು. ಮೊಬೈಲು ನೋಡಿದಳು. ಮತ್ತೆ ಗಡಿಯಾರ ನೋಡಿದಳು. ಅವಳ ಮಡಿಲಿನ ಹುಣಸೆಬೀಜವೆಲ್ಲ ನೆಲಕ್ಕೆ ಬಿತ್ತು.

"ಅಜ್ಜ, ಏಳಿ! ಊಟ ಮಾಡಿ!"

"ಇನ್ನೂ ಏಳು ನಿಮಿಷ ಉಂಟು ಮಗಾ."

"ಇಲ್ಲ ಅಜ್ಜ! ಗಡಿಯಾರ ಸರಿ ಉಂಟು!"

"ಸರಿ ಇದ್ದರೆ ಒಳ್ಳೆಯದಲ್ಲವಾ?"

"ಅದು ಸರಿ ಇರಬಾರದು!" ಅವಳಿಗೆ ಅಳು ಬಂದಿತ್ತು. "ನಮ್ಮಜ್ಜಿ ಅದನ್ನು ಹನ್ನೆರಡು ನಿಮಿಷ ಮುಂದೆ ಇಡ್ತಿದ್ದರು. ನಾನು ಸ್ಟೂಲು ಹಿಡೀತಿದ್ದೆ. ನಿಮಗೆ ಹೇಳಬಾರದು ಅಂತ ಆಣೆ ಮಾಡಿಸಿದ್ದರು. ಮೂರು ವಾರ ಹಿಂದೆ ಗಡಿಯಾರ ನಿಂತಾಗ ಅಪ್ಪ ಹೊಸ ಬ್ಯಾಟರಿ ಹಾಕಿ ಮೊಬೈಲು ನೋಡಿ ಸರಿ ಮಾಡಿದ್ದಾರೆ. ನನಗೆ ಈಗ ಗೊತ್ತಾದದ್ದು!"

ಕೈಯಲ್ಲಿದ್ದ ಅಂಕೆ ಕೈಯಲ್ಲಿಯೇ ಉಳಿಯಿತು. ಬೀಪಾತುಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. "ಈ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ ಮಾಸ್ಟ್ರೇ. ನಿಮ್ಮೊಬ್ಬರನ್ನು ಬಿಟ್ಟು. ಈಗ ಏಳಿ, ನಾಚಿಕೆಪಡುವುದು ಆಮೇಲೆ!"

ಎದ್ದೆ. ರಿಫಾ ನೀರು ಹೊಯ್ದಳು, ಕೈಕಾಲು ತೊಳೆದೆ. ನಮಸ್ಕಾರ ಮಂತ್ರವನ್ನು ಮಾತ್ರ ಅವಸರ ಮಾಡದೆ ಹೇಳಿದೆ. ಅಷ್ಟರಲ್ಲಿ ತ್ರಿಶಾ ಬಟ್ಟಲಿಗೆ ಗಂಜಿ ಹಾಕಿ, ತೊಂಡೆಕಾಯಿ ಪಲ್ಯ ಇಟ್ಟು, ಹಿತ್ತಿಲಿಗೆ ಓಡಿದ್ದಳು.

"ಪೂರಾ ಉಂಟು ಅಜ್ಜ! ಗುಡ್ಡೆಗಿಂತ ಮೇಲೆ ಉಂಟು!"

ನಾನು ಉಣ್ಣುವಾಗ ಮಾತಾಡುವುದಿಲ್ಲ. ಜಗಲಿಯಲ್ಲಿ ಬೀಪಾತುಮ್ಮ ಚೆಂಬು ತೆಗೆದುಕೊಂಡು ನನ್ನ ಬದಲಿಗೆ ಕೂಗತೊಡಗಿದ್ದರು. ಹಿತ್ತಿಲಿನಿಂದ ಸೂರ್ಯನ ಸುದ್ದಿ, ಜಗಲಿಯಿಂದ ಅಂಕೆಗಳು.

"ಇದು ಆರಾ, ಒಂಬತ್ತಾ? ಹೇಗೆ ಹಿಡಿದರೂ ಸರಿ ಕಾಣ್ತದೆ. ಮಾಸ್ಟ್ರೇ!"

ನಾನು ಒಳಗಿನಿಂದಲೇ ಎಡಗೈ ಎತ್ತಿ, ಕೆಳಗೆ ಗೆರೆ ಉಂಟಾ ನೋಡಿ ಎಂದು ಸನ್ನೆ ಮಾಡಿದೆ.

"ಅರ್ಧ ಹೋಯ್ತು ಅಜ್ಜ! ಬೇಗ!"

ಗಂಜಿ ಮುಗಿಯಿತು. ಮಜ್ಜಿಗೆ ಕುಡಿದೆ.

"ಚೂರು ಉಂಟು! ಉಗುರಿನಷ್ಟು!"

ಮಾತ್ರೆ ನುಂಗಿ, ಎರಡು ಗುಟುಕು ನೀರು ಕುಡಿದು, ಲೋಟವನ್ನು ಕೆಳಗಿಟ್ಟೆ.

"ಹೋಯ್ತು!" ಎಂದು ಹಿತ್ತಿಲಿನಿಂದ ಕೂಗು ಕೇಳಿತು. ಅದೇ ಹೊತ್ತಿಗೆ ಜಗಲಿಯಲ್ಲಿ "ಫುಲ್ ಹೌಸ್!" ಎಂದು ಬೀಪಾತುಮ್ಮ ತಮ್ಮ ಅಂಕೆಯನ್ನು ತಾವೇ ಕೂಗಿ ತಾವೇ ಗೆದ್ದರು. ಚಿಪ್ಸಿನ ಪ್ಯಾಕೆಟು ಸೆರಗಿನೊಳಗೆ ಇಟ್ಟುಕೊಂಡು, ಮೋಸ ಮೋಸ ಎಂದು ಬೊಬ್ಬೆ ಹಾಕುತ್ತಿದ್ದ ರಿಫಾಳನ್ನು ಎಳೆದುಕೊಂಡು ನಮಾಜಿಗೆ ನಡೆದರು.

ನಾನು ಖಾಲಿ ಬಟ್ಟಲು ತೊಳೆಯಲು ಎದ್ದೆ. ಹನ್ನೊಂದು ವರ್ಷ ನಾನು ಸಮಯಪಾಲನೆಯ ಬಗ್ಗೆ ಉಪದೇಶ ಮಾಡಿದ್ದು ಯಾರಿಗೆ! "ಹೌದು, ಎಲ್ಲ ನಿಮ್ಮಿಂದಲೇ" ಎನ್ನುವಾಗ ಅವಳು ಹೇಗೆ ನಗು ತಡೆದಳೋ. ನನಗೆ ನಗು ಬಂತು. ಕಣ್ಣನ್ನೂ ಒರಸಿಕೊಂಡೆ.

ಜಿನೇಶ್ ಬೈಕು ನಿಲ್ಲಿಸುತ್ತಲೇ ಕೇಳಿದ: "ಅಪ್ಪ, ಊಟ ಆಯ್ತಾ?"

"ಆಯ್ತು. ನೀನು ಇನ್ನು ಆ ಗಡಿಯಾರ ಮುಟ್ಟಬೇಡ" ಎಂದೆ.

ವಿಷಯ ಕೇಳಿ ಅವನು ತಲೆಗೆ ಕೈಯಿಟ್ಟುಕೊಂಡ. ಸೊಸೆ ಬಂದವಳು ನಕ್ಕು ನಕ್ಕು ಮೆಟ್ಟಿಲಲ್ಲಿಯೇ ಕೂತಳು. ಆಮೇಲೆ ತ್ರಿಶಾ ಸ್ಟೂಲು ತಂದಳು. ಈ ಸಲ ಅದನ್ನು ಹಿಡಿದವನು ಜಿನೇಶ್.

"ಅಜ್ಜ, ಕಣ್ಣು ಮುಚ್ಚಿ."

ಮುಚ್ಚಿದೆ.

"ಹನ್ನೆರಡೇ ತಾನೆ?"

"ಹೇಳುವುದಿಲ್ಲ. ಗೊತ್ತಾದರೆ ನೀವು ಅಷ್ಟು ಹೊತ್ತು ಹೆಚ್ಚು ಕೂರ್ತೀರಿ. ಅಜ್ಜಿ ಹಾಗೆಯೇ ಹೇಳಿದ್ದು."

ಮರುದಿನ ಬೆಳಿಗ್ಗೆ ಏಳೂಕಾಲರ ಬಸ್ಸು ತಡವಾಗಿ ಬಂತು. ಎಷ್ಟು ನಿಮಿಷ ಎಂದು ನಾನು ಲೆಕ್ಕ ಹಾಕಲಿಲ್ಲ. ಹತ್ತಿ ಕೂತ ಕೂಡಲೇ ಸುಧಾಕರ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಏನು ಮಾಸ್ಟ್ರೇ, ಇವತ್ತು ಪುನಃ ತಡವಾ?" ಎಂದ.

"ಇಲ್ಲ ಮಾರಾಯ" ಎಂದೆ. "ನೀನು ಯಾವತ್ತೂ ತಡ ಮಾಡಿದವನಲ್ಲ."

ಅವನು ಗೇರು ಹಾಕುವುದನ್ನು ಬಿಟ್ಟು, ಪೂರ್ತಿ ಹಿಂದೆ ತಿರುಗಿ ನನ್ನನ್ನು ನೋಡಿದ.