ಉಳಿದ ಮೂವತ್ನಾಲ್ಕು ಸಾವಿರ

ಎಲೆಕ್ಷನ್ ಮುಗಿದು ನಲವತ್ತು ದಿನವಾಗಿತ್ತು. ಸೋತವನು ಮೂರನೇ ದಿನಕ್ಕೇ ಶ್ರೀರಾಂಪುರದ ದಾರಿ ಮರೆತಿದ್ದ, ಗೆದ್ದವನು ಐದನೇ ದಿನಕ್ಕೆ. ಮರೆಯಲಾಗದೆ ಒದ್ದಾಡುತ್ತಿದ್ದವಳು ಊರಿಗೆಲ್ಲ ಒಬ್ಬಳೇ, ಮಹಿಳಾ ಸಂಘದ ಕಾರ್ಯದರ್ಶಿ ಜಯಶೀಲಾ. ಅವಳ ಮನೆಯ ರಾಗಿ ಡಬ್ಬದಲ್ಲಿ ಸೋತವನ ದುಡ್ಡು ಮೂವತ್ನಾಲ್ಕು ಸಾವಿರ ಉಳಿದುಬಿಟ್ಟಿತ್ತು.

ಉಳಿದದ್ದು ಪ್ರಾಮಾಣಿಕತೆಯಿಂದ ಅಂದರೆ ನೀವು ನಗುತ್ತೀರಿ. ನಗಿ, ಆದರೆ ಪೂರ್ತಿ ಕೇಳಿ ನಗಿ. ಮತದಾನಕ್ಕೆ ಎರಡು ದಿನ ಮುಂಚೆ ಹೊಸದುರ್ಗದ ನಾಗರಾಜಪ್ಪ ಅವಳ ಮನೆಗೆ ಬಂದಿದ್ದ. ಗೊಬ್ಬರದಂಗಡಿ ಅವನ ಕಸುಬು, ಎಲೆಕ್ಷನ್ ಬಂದಾಗ ಅಭ್ಯರ್ಥಿಯ ದುಡ್ಡು ಹಂಚಿಸುವುದು ಉಪಕಸುಬು. ಹೆಂಗಸರ ಪಟ್ಟಿಯನ್ನೂ ನೋಟಿನ ಕಟ್ಟನ್ನೂ ಅವಳ ಮುಂದಿಟ್ಟು, "ಇನ್ನೂರಾ ಮೂವತ್ತು ಓಟು ಅವೆ, ತಲೆಗೆ ಐನೂರು. ನಿನ್ ಕೈಗೆ ಕೊಟ್ರೆ ಮುಟ್ಟೋರಿಗೆ ಮುಟ್ತೈತೆ ಕಣಮ್ಮ" ಅಂದ.

ಬೇರೆ ಬೀದಿಗಳಲ್ಲಿ ಹಂಚಿದವರು ಸತ್ತವರಿಗೂ ಕೊಟ್ಟೆವೆಂದು ಹೇಳಿ ಜೇಬಿಗಿಳಿಸಿದರು, ಯಾರೂ ಕೇಳಲಿಲ್ಲ. ಜಯಶೀಲಾ ಮಾತ್ರ ಪಟ್ಟಿ ಹಿಡಿದು ಮನೆಮನೆ ಹತ್ತಿಳಿದು, ತೀರಿಹೋದ ಇಪ್ಪತ್ತೊಂದು ಜನರ ಹೆಸರಿಗೂ, ಮದುವೆಯಾಗಿಯೋ ಕೂಲಿಗೆಂದೋ ಊರು ಬಿಟ್ಟ ನಲವತ್ತೇಳು ಜನರ ಹೆಸರಿಗೂ ಗೀಟು ಎಳೆದಳು. ಅಲ್ಲಿಗೆ ನಿಲ್ಲಿಸಿದ್ದರೂ ಬದುಕಿಕೊಳ್ಳುತ್ತಿದ್ದಳು. ಒಂಬತ್ತು ವರ್ಷ ಸಂಘದ ಲೆಕ್ಕ ಬರೆದ ಕೈ ಸುಮ್ಮನಿರಬೇಕಲ್ಲ! ದುಡ್ಡು ಇಸಿದುಕೊಂಡ ನೂರಾ ಅರವತ್ತೆರಡು ಹೆಂಗಸರಿಂದಲೂ ನೋಟ್‌ಬುಕ್ಕಿನಲ್ಲಿ ಹೆಸರು, ಮೊತ್ತ, ತಾರೀಕು ಬರೆದು ಸಹಿ ಹಾಕಿಸಿಕೊಂಡಳು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ಅವರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ, ಸಂಘದಲ್ಲಿ ಹತ್ತು ರೂಪಾಯಿ ಮುಟ್ಟಿದರೂ ಒತ್ತುವುದು ರೂಢಿಯಾಗಿತ್ತು.

ಗಲಾಟೆ ಎಬ್ಬಿಸಿದವಳು ಸಂಘದ ಹಿರಿಯ ಸದಸ್ಯೆ ಗಂಗಕ್ಕ. ಅವಳಿಗೆ ಒಂದೇ ಪಾಲು ಸಿಕ್ಕಿತ್ತು, ಬೇಕಾಗಿದ್ದದ್ದು ಮೂರು. "ನಮ್ಮತ್ತೆ ಮಣ್ಣಾಗಿರಬೋದು, ಪಟ್ಟಿಯಾಗೆ ಬದುಕೇ ಅವ್ಳೆ. ಅವಳ ಐನೂರು ಎಲ್ಲೋತು? ಹಿರಿಯೂರಿಗೆ ಕೊಟ್ಟ ನನ್ ಮಗಳ ಐನೂರು ಎಲ್ಲೋತು?" ಎಂದು ನಲ್ಲಿಯ ಹತ್ತಿರ ಶುರುಮಾಡಿದ್ದು, ಊರ ಬಾಯಿಗೆ ಬೀಗ ಉಂಟೇ, ವಾರದೊಳಗೆ 'ಜಯಶೀಲಾ ಸತ್ತೋರ ದುಡ್ಡು ತಿಂದ್ಲು' ಎಂದಾಯಿತು. ಬರುವ ಶುಕ್ರವಾರದ ಸಭೆಯಲ್ಲಿ ಅವಳನ್ನು ಕಾರ್ಯದರ್ಶಿ ಸ್ಥಾನದಿಂದ ಇಳಿಸುವುದೆಂದೂ ತೀರ್ಮಾನವಾಯಿತು. ಒಂಬತ್ತು ವರ್ಷದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಮಾಡದವಳಿಗೆ ಇದು ಸಂಕಟವೆಂದರೆ ಸಂಕಟ. ಅನ್ನ ಸೇರಲಿಲ್ಲ. ಒಲೆ ಮೇಲೆ ಹಾಲಿಟ್ಟು ಡಬ್ಬದ ಹತ್ತಿರ ಹೋಗುವಳು, ಮುಚ್ಚಳ ತೆಗೆದು ನೋಡುವಳು, ಅಷ್ಟರಲ್ಲಿ ಹಾಲು ಉಕ್ಕುವುದು. ದುಡ್ಡು ಕೊಟ್ಟವನಿಗೇ ವಾಪಸ್ ಮುಟ್ಟಿಸಿ, ಮುಟ್ಟಿತೆಂದು ಅವನ ಸಹಿ ತಂದು ಸಭೆಯಲ್ಲಿ ಇಡುವುದೊಂದೇ ದಾರಿ ಎಂದು ಬುಧವಾರ ಬೆಳಿಗ್ಗೆ ಬಸ್ ಹತ್ತಿದಳು.

ನಾಗರಾಜಪ್ಪ ನೋಟಿನ ಕಟ್ಟು ನೋಡಿ ನಕ್ಕ. ನೋಟ್‌ಬುಕ್ಕು ತೆರೆದದ್ದೇ ಅವನ ನಗು ಆರಿತು.

"ಯಾರಮ್ಮ ನಿಂಗೆ ಸಹಿ ಹಾಕಿಸ್ಕ ಅಂದಿದ್ದು?"

"ಲೆಕ್ಕ ಬ್ಯಾಡ್ವೇನ್ರಿ?"

"ನನ್ ಅಂಗಡಿಗೆ ನೀನು ಬಂದೇ ಇಲ್ಲ. ಚಿತ್ರದುರ್ಗಕ್ಕೆ ಹೋಗು. ಅಭ್ಯರ್ಥಿ ಬಾಮೈದ ಸುದೀಪ್ ಅಂತ, ಖರ್ಚೆಲ್ಲ ಅವನೇ ನೋಡ್ಕಂಡಿದ್ದು" ಎಂದು ಅಂಗಡಿಯ ಮೆಟ್ಟಿಲು ಇಳಿಸಿಯೇ ಬಿಟ್ಟ.

ಚಿತ್ರದುರ್ಗದ ಬಸ್ಸಿನಲ್ಲಿ ಅವಳು ಚೀಲವನ್ನು ಎದೆಗವಚಿಕೊಂಡು ಕೂತಳು. ಹೊಳಲ್ಕೆರೆಯಲ್ಲಿ ಒಬ್ಬ ಪೊಲೀಸಿನವನು ಹತ್ತಿ ಪಕ್ಕದ ಸೀಟಿನಲ್ಲೇ ಕೂತ. ಪಾಪ, ಕೂತ ಗಳಿಗೆಗೇ ಅವನು ಗೊರಕೆ ಹೊಡೆಯತೊಡಗಿದ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಜಯಶೀಲಾ ದಾರಿಯುದ್ದಕ್ಕೂ ಸೆರಗಿನಿಂದ ಚೀಲ ಮುಚ್ಚುತ್ತಲೇ ಇದ್ದಳು. ಕದಿಯದೇನೇ ಕಳ್ಳಿಯ ಹಾಗೆ ಬೆವರುತ್ತಿದ್ದೇನಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

ಎಲೆಕ್ಷನ್ ಆಫೀಸಿದ್ದ ಮಳಿಗೆಯಲ್ಲಿ ಈಗ ಚಪ್ಪಲಿ ಮಾರುತ್ತಿದ್ದರು. ಕೇಳುತ್ತಾ ಕೇಳುತ್ತಾ ಚಂದ್ರವಳ್ಳಿ ರಸ್ತೆಯಲ್ಲಿದ್ದ ಸುದೀಪನ ಮನೆ ಸಿಕ್ಕಿತು. ಅವನು ಮರ್ಯಾದಸ್ಥ, ಕುಂತ್ಕಳ್ರಿ ಅಂದು ಕಾಫಿ ತರಿಸಿದ. ಅವಳು ಬಂದ ಕೆಲಸ ಹೇಳಿದಳು.

"ಅಕ್ಕಾ, ಖರ್ಚಿನ ಲೆಕ್ಕ ಸರ್ಕಾರಕ್ಕೆ ಕೊಟ್ಟಾಗೈತೆ. ಅದರಾಗೆ ಮೈಕು, ಬಾವುಟ, ಟೀ, ಜೀಪಿನ ಡೀಸೆಲ್ ಐತೆ. ನೀವು ತಂದಿರೋ ದುಡ್ಡು ಹುಟ್ಟೇ ಇಲ್ಲ. ಹುಟ್ಟದೇ ಇರೋದನ್ನ ನಾನು ಹೆಂಗೆ ವಾಪಸ್ ತಗಳ್ಳಿ?"

"ಹಂಗಾದ್ರೆ ಇದು ಯಾರದು?"

"ನಿಮ್ದೇ ಅಂದ್ಕಳ್ರಿ. ಆ ಬುಕ್ಕು ಮಾತ್ರ ಇಲ್ಲಿಟ್ಟು ಹೋಗ್ರಿ." ಅವನು ಕೈ ಚಾಚಿದ.

ಕೊಟ್ಟುಬಿಡೋಣವೆನ್ನಿಸಿತು. ಆದರೆ ಅದೊಂದು ಹೋದರೆ ಯಾರಿಗೆ ಮುಟ್ಟಿತು, ಯಾರಿಗಿಲ್ಲ ಎನ್ನುವುದಕ್ಕೆ ಗುರುತೇನು? "ಇದನ್ನ ಕೊಟ್ರೆ ಊರಾಗೆ ನಾನು ಕಳ್ಳಿ ಆಗ್ತೀನಿ ಸಾರ್" ಎಂದಳು.

"ಇಟ್ಕಂಡ್ರೆ ಅದರಾಗಿರೋ ಎಲ್ಲಾ ಹೆಂಗಸ್ರೂ ಸಿಕ್ಕಾಕ್ಕಂತಾರೆ. ಓಟಿಗೆ ದುಡ್ಡು ಕೊಟ್ಟೋರಷ್ಟೇ ಅಲ್ಲ, ತಗಂಡೋರದ್ದೂ ತಪ್ಪೇಯ."

ಕಾಫಿ ಅಲ್ಲೇ ಬಿಟ್ಟು ಎದ್ದಳು. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರ ಪಾಡು ಅವಳದಾಗಿತ್ತು, ನುಂಗಲಾರಳು, ಉಗುಳಲಾರಳು. ಗುರುವಾರ ಇಡೀ ದಿನ ಮನೆಯೊಳಗೆ ಅತ್ತಿಂದಿತ್ತ ಓಡಾಡಿದಳು.

ಶುಕ್ರವಾರ ಮಧ್ಯಾಹ್ನ ಸಮುದಾಯ ಭವನದಲ್ಲಿ ಸಂಘದ ಹದಿನೇಳು ಜನವೂ ಸೇರಿದರು. ಹಿಂದಿನ ಒಲೆಯಲ್ಲಿ ಟೀ ಕಾಯುತ್ತಿತ್ತು. ಜಯಶೀಲಾ ಚಾಪೆಯ ಮೇಲೆ ದುಡ್ಡನ್ನೂ ನೋಟ್‌ಬುಕ್ಕನ್ನೂ ಇಟ್ಟು, ಸತ್ತವರ ಹೆಸರು, ಊರು ಬಿಟ್ಟವರ ಹೆಸರು ಎಲ್ಲ ಓದಿ, ಮೂವತ್ನಾಲ್ಕು ಸಾವಿರ ಎಣಿಸಿ ತೋರಿಸಿದಳು. ಆಮೇಲೆ ಸುದೀಪ ಹೇಳಿದ್ದನ್ನೂ ಬಚ್ಚಿಡದೆ ಹೇಳಿದಳು.

ಇಳಿಸಬೇಕೆಂದು ಬಂದವರ ಮುಖ ಬಿಳಿಚಿಕೊಂಡಿತು.

"ನನ್ ಹೆಬ್ಬೆಟ್ಟು ಯಾವ ಹಾಳೆಯಾಗೈತೆ?" ಗಂಗಕ್ಕ ಕೇಳಿದಳು.

"ಏಳನೇದ್ರಾಗೆ."

ಗಂಗಕ್ಕ ಏಳನೇ ಹಾಳೆ ಹುಡುಕುತ್ತಾ ಕೂರಲಿಲ್ಲ. ನೋಟ್‌ಬುಕ್ಕನ್ನೇ ಎತ್ತಿಕೊಂಡು ಹೋಗಿ ಒಲೆಗಿಟ್ಟಳು. ಜಯಶೀಲಾ ಅಯ್ಯೋ ಎಂದು ಏಳುವಷ್ಟರಲ್ಲಿ ರಟ್ಟಿಗೂ ಬೆಂಕಿ ಹತ್ತಿತ್ತು. ಕಣ್ಣಲ್ಲಿ ನೀರು ಬಂತು, ಹೊಗೆಗೆ ಅಂದುಕೊಂಡರು.

"ದುಡ್ಡು ಅಂಗನವಾಡಿಗೆ ಕೊಡಾಣ" ಎಂದಳು ಜಯಶೀಲಾ.

"ರಸೀದಿ ಹರೀತಾರೆ, ಎಲ್ಲಿಂದ ಬಂತು ಅಂತಾರೆ" ಎಂದಳು ಗಂಗಕ್ಕ. "ಹದಿನೇಳು ಜನ ಇದೀವಿ, ತಲಾ ಎರಡು ಸಾವಿರ. ದೇವರೇ ಲೆಕ್ಕ ಮಾಡಿ ಉಳಿಸಿದಂಗೈತೆ."

ಗಂಗಕ್ಕನೇ ಹಂಚಿದಳು. ಯಾರೂ ಬೇಡವೆನ್ನಲಿಲ್ಲ. ಜಯಶೀಲಾಳ ಮುಂದೆ ಬಂದಾಗ ಅವಳು ಕೈ ಹಿಂದಕ್ಕೆಳೆದುಕೊಂಡಳು. "ನಂಗೆ ಬ್ಯಾಡ. ನೀವು ತಗಳ್ರಿ."

ನೋಟು ಮಡಚುತ್ತಿದ್ದ ಕೈಗಳೆಲ್ಲ ನಿಂತವು.

"ಬ್ಯಾಡ ಅಂದ್ರೆ ಹೆಂಗೆ?" ಗಂಗಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. "ನೀನೊಬ್ಳು ತಗಳ್ದೆ ಉಳಿದ್ರೆ ನಾಳೆ ನಮ್ ಮೇಲೆ ಹೇಳೋಕೆ ಒಬ್ಳು ಉಳಿದಂಗಾತು. ತಗಣವ್ವ, ನಿನ್ ಕಾಲಿಗೆ ಬೀಳ್ತೀನಿ."

ಹದಿನಾರು ಜನ ಅವಳ ಕೈಯನ್ನೇ ನೋಡುತ್ತಿದ್ದರು. ಜಯಶೀಲಾ ಕೈ ಚಾಚಿದಳು.

ಭವನದ ತುಂಬ ಒಮ್ಮೆಲೇ ಮಾತು ಶುರುವಾಯಿತು. "ಕಾರ್ಯದರ್ಶಿ ಬದಲಾಯ್ಸೋದೇನೂ ಬ್ಯಾಡ. ಜಯಶೀಲಾನಂಥ ನಂಬಿಗಸ್ತೆ ನಮಗೆಲ್ಲಿ ಸಿಗ್ತಾಳೆ?" ಎಂದು ಗಂಗಕ್ಕನೇ ಕೂಗಿದಳು. ಹದಿನಾರು ಕೈ ಮೇಲೆದ್ದವು. ಜಯಶೀಲಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಈ ಗಳಿಗೆಯವರೆಗೂ ತಾನು ಒಂದು ರೂಪಾಯಿಯನ್ನೂ ತಿಂದಿರಲಿಲ್ಲ ಎಂದು ಹೇಳಿಕೊಳ್ಳಲು ಅವಳಿಗೆ ಈಗ ಒಬ್ಬರೂ ಉಳಿದಿರಲಿಲ್ಲ.