ಇದ್ವಾಲನಿಗೆ ಕೇಳಿಸಿದ್ದು

"ಏ ಮುದುಕಿ, ಆ ಹೊಲಸು ಬಟ್ಟೇಲಿ ಹೆಸರು ಉಜ್ಜಬೇಡ ಕಣೇ! ದೊಡ್ಡೋರ ಹೆಸರು ಅವು. ನಿನ್ನ ಗಂಡನ ಹೆಸರನ್ನೂ ಕೆತ್ತಬೇಕಿತ್ತೇನು? ಏನು ಕಿಸ್ದಿದ್ದ ಅವ್ನು?"

ಗಣಿಯ ಮ್ಯಾನೇಜರ್ ಪ್ರಾಸರ್ ಬಕೆಟ್ಟನ್ನು ಬೂಟಿನಿಂದ ಒದ್ದ. ಸೋಪಿನ ನೀರು ಕಸಗುಡಿಸುವ ತೆಗ್ವೆನ್‌ಳ ಮಂಡಿಯಡಿ ಹರಿಯಿತು.

"ಕಲ್ಲಿದ್ದಲು ಕಡ್ದಿದ್ದ," ಎಂದು ಅವಳು ಮತ್ತೆ ನೆಲ ಒರೆಸಿದಳು.

ಸಭಾಂಗಣದ ಗೋಡೆಯ ಅಮೃತಶಿಲೆಯಲ್ಲಿ ಎರ್ವೆನ್ ಕಣಿವೆಯಲ್ಲಿ ಹುಟ್ಟಿ ಹೆಸರಾದವರಿದ್ದರು: ಒಬ್ಬ ಬಿಷಪ್, ಪಾರ್ಲಿಮೆಂಟಿನ ಸದಸ್ಯನೊಬ್ಬ, ಕೊನೆಗೆ ಗಾಯಕ ಇದ್ವಾಲ್ ಹಾಪ್ಕಿನ್. ಅದರ ಅನಾವರಣಕ್ಕೆ ಇದ್ವಾಲ್ ಇವತ್ತು ಲಂಡನ್ನಿನಿಂದ ಬಂದು ಹಾಡಲಿದ್ದ.

ಹದಿನೆಂಟು ವರ್ಷದ ಹಿಂದೆ ಗಣಿಯ ತಳದಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿತ್ತು. ಒಳಗೆ ತೆಗ್ವೆನ್‌ಳ ಗಂಡನೂ ಸೇರಿ ನಲವತ್ತೊಂದು ಜನ. ಎಲ್ಲರೂ ಸತ್ತರೆಂದು ಕಂಪನಿ ಗಣಿಯ ಬಾಯಿಗೆ ಗಾರೆ ಹಾಕಿ ಮುಚ್ಚಿಸಿತು. ಮುಚ್ಚಿದ ಮೇಲೆ ಮೂರು ದಿನ, ಒಳಗೆ ಇಳಿದಿದ್ದ ಕಬ್ಬಿಣದ ಕೊಳವೆಯನ್ನು ಯಾರೋ ಕೆಳಗಿನಿಂದ ಬಡಿಯುತ್ತಿದ್ದರು. ತೆಗ್ವೆನ್ ಕಿವಿಯಿಟ್ಟು ಕೇಳಿದ್ದಳು. ನೀರಿನ ಸದ್ದು ಎಂದಿತು ಕಂಪನಿ. ಕೊಳವೆಗೆ ಕಾವಲಿದ್ದ ಹತ್ತೊಂಬತ್ತರ ಇದ್ವಾಲ್, ತನಗೇನೂ ಕೇಳಿಸಲಿಲ್ಲವೆಂದು ವಿಚಾರಣೆಯಲ್ಲಿ ರುಜು ಹಾಕಿದ. ಆ ವರ್ಷವೇ ಕಂಪನಿ ಅವನನ್ನು ಸಂಗೀತ ಶಾಲೆಗೆ ಕಳಿಸಿತು. ಅಂದಿನಿಂದ ಪಕ್ಕದ ಮನೆಯವರು ಮೊಳೆ ಹೊಡೆದರೂ ತೆಗ್ವೆನ್ ಉಸಿರು ಹಿಡಿದು ಬಡಿತ ಎಣಿಸುತ್ತಾಳೆ.

ಮಧ್ಯಾಹ್ನ ಎಲ್ಲರಿಗಿಂತ ಮೊದಲು ಬಂದವನು ಇದ್ವಾಲ್.

"ತೆಗ್ವೆನಕ್ಕಾ..."

"ಚೆಂದಾಗಿ ಹಾಡ್ತೀಯಂತೆ."

"ಹಾಡಾಕೆ ನಿಂತ್ರೆ ಹಿಂದ್ಗಡೆ ಬಡೀತಾನೇ ಇರ್ತದೆ ಅಕ್ಕಾ. ಲಂಡನ್ನಾಗೂ ಬಿಡಲ್ಲ."

"ನಾನು ಕೇಳ್ತು ಅಂದೆ, ಹುಚ್ಚಿ ಅಂದ್ರು. ನೀನು ಕೇಳ್ಲಿಲ್ಲ ಅಂದೆ, ಕಲ್ಲಿನ ಮ್ಯಾಲೆ ಬರದ್ರು. ನಿಮ್ಮಪ್ಪನೂ ಒಳಗಿದ್ನಲ್ಲೋ, ಬೇವರ್ಸಿ!"

ಅವನು ಟೋಪಿಯ ಅಂಚು ಹಿಸುಕುತ್ತ ನಿಂತ.

ಮೂರು ಗಂಟೆಗೆ ಸಭೆ ತುಂಬಿತು. ಪ್ರಾಸರ್ ಪರದೆ ಎಳೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ವಾದ್ಯದವರು ಶುರುಮಾಡಿದರು. ಇದ್ವಾಲ್ ಬಾಯಿ ತೆರೆದ; ಹಾಡು ಬರಲಿಲ್ಲ. ವಾದ್ಯ ಒಂದು ಸುತ್ತು ಮುಗಿಸಿ ತಡವರಿಸಿ ನಿಂತಿತು.

"ಅವತ್ತು ಕೊಳವೆ ಬಡಿದದ್ದು ನಂಗೆ ಕೇಳ್ಸಿತ್ತು," ಎಂದ. "ಮೂರು ದಿನ. ಕೇಳ್ಲಿಲ್ಲ ಅಂತ ರುಜು ಹಾಕ್ದೆ. ಹಾಕ್ಸಿದ್ದು ಈ ಪ್ರಾಸರು."

"ಬಾರಿಸ್ರೋ! ಬಾರಿಸ್ರೋ!" ಎಂದು ಪ್ರಾಸರ್ ಕೂಗಿದ. ಕಹಳೆಯವನು ಕಹಳೆಯನ್ನು ತೊಡೆಯ ಮೇಲಿಟ್ಟುಕೊಂಡ. ಅವನೂ ಗಣಿಯವನೇ.

ಹಿಂದಿನ ಸಾಲಿನಿಂದ ಒಬ್ಬ ಮುಷ್ಟಿ ಬಿಗಿದು ನುಗ್ಗಿದ. ತೆಗ್ವೆನ್ ಅಡ್ಡ ಬಂದು ಇದ್ವಾಲನ ತೋಳು ಹಿಡಿದಳು.

"ಹೊಡೀಬ್ಯಾಡ್ರಿ. ಹೊಡದ್ರೆ ಇವ್ನಿಗೆ ಹಗುರಾಯ್ತದೆ. ಗಣೀಲಿ ಗಂಡನ್ನ ಕಳ್ಕೊಂಡು, ಇಲ್ಲಿಗೆ ನಡ್ಕೊಂಡು ಬರಾಕಾಗದ ಮುದುಕೀರವ್ರೆ ಕಣೋ. ಒಂದೊಂದು ಬಾಗ್ಲಿಗೂ ಬಂದು ಹೇಳು, ನಡಿ."

"ನಾಳೆಯಿಂದ ಕೆಲಸಕ್ಕೆ ಕಾಲಿಟ್ರೆ ನೋಡು, ಸೂಳೆ!" ಎಂದು ಪ್ರಾಸರ್ ಅರಚಿದ.

"ಕಂಪನಿ ಮನೇನೂ ಕಿತ್ಕೊ," ಎಂದಳು ತೆಗ್ವೆನ್, ತಿರುಗಿ ನೋಡದೆ.

ಮೊದಲ ಬಾಗಿಲು ಇದ್ವಾಲನ ತಾಯಿ ಮಾರ್ಗೆಡ್‌ಳದು. ಕಾಲು ಊದಿ ಹಾಸಿಗೆ ಹಿಡಿದಿದ್ದವಳು, ಮಗನ ಹಾಡು ಕೇಳಲೆಂದು ಕಿಟಕಿ ತೆರೆಸಿಕೊಂಡು ಕೂತಿದ್ದಳು. ಅವನು ಹೊಸ್ತಿಲಲ್ಲೇ ನಿಂತು ಹೇಳಿದ.

"ಮೂರು ದಿನಾನಾ?"

"ಹೂಂ, ಅವ್ವಾ."

"ಎರಡನೇ ದಿನ ನಾನು ನಿಮ್ಮಪ್ಪನ ಕೋಟು, ಬೂಟು ಎಲ್ಲ ಪಕ್ಕದ ಮನೆಗೆ ಕೊಟ್ಬುಟ್ಟೆ," ಎಂದಳು ಮಾರ್ಗೆಡ್. ಹೊದಿಕೆಯ ಎಳೆ ಕೀಳತೊಡಗಿದಳು. ಆಮೇಲೆ ಮಗನ ಮುಖ ನೋಡದೆ, "ಪಕ್ಕದ ಬೈನನ್ ಮುದುಕಿಗೆ ಕಿವಿ ಮಂದ. ಜೋರಾಗಿ ಹೇಳು," ಎಂದಳು.

ಬೀದಿಯ ತುಂಬ ಜನ ಸದ್ದಿಲ್ಲದೆ ಹಿಂದೆ ಬರುತ್ತಿದ್ದರು. ಎರಡನೇ ಬಾಗಿಲಲ್ಲಿ ಅದನ್ನೇ ಜೋರಾಗಿ ಹೇಳುವಾಗ ಇದ್ವಾಲನ ದನಿ ಒಡೆಯಿತು. ಬೈನನ್ ಮುದುಕಿ ಅವನನ್ನು ಗುರುತು ಹಿಡಿದು ನಕ್ಕಳು. ಕಿವಿಗೆ ಅಂಗೈ ಕೊಟ್ಟು ಮುಂದೆ ಬಾಗಿ, "ಇನ್ನೊಂದ್ಸಲ ಹೇಳಪ್ಪಾ," ಎಂದಳು.